ದೂರದ ತತ್ತಿ, ಊರಿನ ಕಾವು

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಹಿತ್ತಲಿನ ಕೋಳಿ ಸಾಕಣೆ ಎಂದಿನಿಂದಲೂ ಇದ್ದದ್ದೇ. ಆದರೆ ಯಾವ ತಳಿಯನ್ನು ಸಾಕಬೇಕು, ಅದನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಮಾತ್ರ ಕಳೆದ ಮೂರು–ನಾಲ್ಕು ದಶಕಗಳಲ್ಲಿ ಹೊಸ ರೂಪ ಪಡೆದಿದೆ. ಹಿಂದೆ ತವರುಮನೆಯಿಂದಲೋ ಬೀಗರ ಊರಿನಿಂದಲೋ ಕಾಳಿನ ನಡುವೆ ಹುದುಗಿಸಿ ತಂದ ಹತ್ತು–ಹನ್ನೆರಡು ತತ್ತಿಗಳು ಹೊಸ ತಳಿಯ ಮೂಲವಾಗುತ್ತಿದ್ದವು; ಈಗ ಗಿರಿರಾಜ, ಸ್ವರ್ಣಧಾರ, ಕಡಕ್‌ನಾಥ್, ಅಸೀಲ್ ಮೊದಲಾದ ಕೋಳಿಗಳ ಫಲಿತ ತತ್ತಿಗಳು, ಎಂದರೆ ಹುಂಜದ ಕೂಡಿಕೆಯಿಂದ ಜೀವಾಂಕುರ ಹೊತ್ತು ಬಂದ ತತ್ತಿಗಳು, ನೂರಾರು ಕಿಲೋಮೀಟರ್ ದೂರದಿಂದ ಬಸ್ಸಿನಲ್ಲೋ ರೈಲಿನಲ್ಲೋ ಪಾರ್ಸಲ್ ಆಗಿ ಬರುವುದು ಸಾಧ್ಯವಾಗಿದೆ. ಹೀಗೆ ಬಂದ ತತ್ತಿ ಮರಿಯಾಗುವುದಕ್ಕೆ ಎರಡು ಆಸರೆಗಳು ಬೇಕು: ಪ್ರಯಾಣದ ಪೆಟ್ಟನ್ನು ಅರಿತು ನಡೆಸುವ ಆರೈಕೆ ಒಂದು, ಇಪ್ಪತ್ತೊಂದು ದಿನಗಳ ಸಮನಾದ ಕಾವು ಇನ್ನೊಂದು. ಎರಡನೆಯದನ್ನು ಅತಿ ಕಡಿಮೆ ಖರ್ಚಿನಲ್ಲಿ ಒದಗಿಸಬಲ್ಲ ಜವಾರಿ ಹೇಂಟೆಯನ್ನು ಹೊಸ ತಳಿಯ ಮೋಹದಲ್ಲಿ ಹಿತ್ತಲಿನಿಂದ ಹೊರಗೆ ಹಾಕುವುದು ಹಳ್ಳಿಯ ಕೋಳಿ ಸಾಕಣೆಯ ಬುಡಕ್ಕೇ ಕೊಡಲಿ ಹಾಕಿದಂತೆ ಎಂಬುದನ್ನು ಈ ವಿಷಯದ ವಿಜ್ಞಾನವೇ ತೋರಿಸಿಕೊಡುತ್ತದೆ.

ತಳಿಗಳು ಊರು ಬದಲಿಸುವುದು ಕೋಳಿಯ ಇತಿಹಾಸದಲ್ಲಿ ಹೊಸದಲ್ಲ. ಇಂದಿನ ಸಾಕುಕೋಳಿಯ ಮುಖ್ಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಹಲವು ತಳಿಗಳಲ್ಲಿ ಕಾಣುವ ಹಳದಿ ಚರ್ಮ ಮತ್ತು ಹಳದಿ ಕಾಲುಗಳ ಗುಣ, ದಕ್ಷಿಣ ಭಾರತದ ಕಾಡುಗಳಲ್ಲಿ ಇಂದಿಗೂ ಬದುಕಿರುವ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು ತೋರಿಸಿತು. ಕರ್ನಾಟಕದಲ್ಲಿ ಹಿತ್ತಲಿಗೆಂದೇ ಕೋಳಿಯನ್ನು ರೂಪಿಸುವ ಕೆಲಸ ನಡೆದದ್ದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ. ಆ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಭಾಗವಾಗಿದ್ದಾಗ, 1980ರ ದಶಕದ ಕೊನೆಯ ಹೊತ್ತಿಗೆ, ಗಿರಿರಾಜ ಎಂಬ ಬಣ್ಣದ ಗರಿಯ ಕೋಳಿ ಅಲ್ಲಿಂದ ಹೊರಬಂದಿತು. ಮುಂದೆ ಬೀದರ್‌ನಲ್ಲಿ ಕೇಂದ್ರವಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಕಾಲೇಜು ಸೇರಿದ ಮೇಲೆ, 2005ರಲ್ಲಿ ಸ್ವರ್ಣಧಾರ ಬಂದಿತು. ಇದೇ ಉದ್ದೇಶಕ್ಕೆ ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯ ವನರಾಜ ಮತ್ತು ಗ್ರಾಮಪ್ರಿಯ ತಳಿಗಳನ್ನು ರೂಪಿಸಿತು. ಜವಾರಿ ಹೇಂಟೆ ವರ್ಷಕ್ಕೆ ಅರವತ್ತರಿಂದ ಎಂಬತ್ತು ತತ್ತಿಗಳನ್ನಷ್ಟೇ ಇಟ್ಟರೆ, ಗಿರಿರಾಜ ಸರಿಯಾದ ಆಹಾರ ದೊರೆತಾಗ 130ರಿಂದ 150 ತತ್ತಿಗಳವರೆಗೆ ಇಡುತ್ತದೆ, ಜೊತೆಗೆ ಮಾಂಸಕ್ಕೂ ಬೇಗ ಬರುತ್ತದೆ.

ಈ ಹೆಚ್ಚಳಕ್ಕೆ ತೆತ್ತ ಬೆಲೆಯೊಂದಿದೆ. ಕಾವಿಗೆ ಕೂಡುವ ಸ್ವಭಾವ ಹೇಂಟೆಯ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಸ್ರವಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಏರಿಕೆಗೆ ಸಂಬಂಧಿಸಿದ್ದು, ಅದು ಏರಿದಾಗ ತತ್ತಿ ಇಡುವುದು ನಿಲ್ಲುತ್ತದೆ. ಆದ್ದರಿಂದ ಹೆಚ್ಚು ತತ್ತಿ ಇಡುವ ಕೋಳಿಗಳನ್ನೇ ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಹೋದಂತೆ ಕಾವಿಗೆ ಕೂಡುವ ಗುಣ ತಾನಾಗಿಯೇ ಕಳಚಿಕೊಂಡಿತು. ಬಿಳಿ ಲೆಗ್‌ಹಾರ್ನ್ ಮೂಲದ ತತ್ತಿಕೋಳಿಗಳಲ್ಲಿ ಈ ಗುಣ ಇಲ್ಲವೆನ್ನುವಷ್ಟು ಕಡಿಮೆ; ಗಿರಿರಾಜವೂ ಕಾವಿಗೆ ಕೂಡುವುದಿಲ್ಲ; ಮಧ್ಯಪ್ರದೇಶದ ಝಾಬುವಾ ಭಾಗದ, 2018ರಲ್ಲಿ ಭೌಗೋಳಿಕ ಗುರುತು ಪಡೆದ ಕಪ್ಪು ಮಾಂಸದ ಕಡಕ್‌ನಾಥ್ ದೇಸಿ ತಳಿಯೇ ಆದರೂ ಕಾವಿಗೆ ಕೂಡುವುದರಲ್ಲಿ ಹಿಂದೆಯೇ. ಹೀಗಾಗಿ ಹೊರಗಿನಿಂದ ಬರುವ ಒಳ್ಳೆಯ ತತ್ತಿಗೆ ಊರಿನಲ್ಲಿ ಯಾರಾದರೂ ಕಾವು ಕೊಡಲೇಬೇಕು, ಅದು ಯಂತ್ರವಾಗಲಿ ಅಥವಾ ಜವಾರಿ ಹೇಂಟೆಯಾಗಲಿ.

ಪ್ರಯಾಣದಲ್ಲಿ ತತ್ತಿಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ಅದರ ಒಳರಚನೆಯನ್ನು ಸ್ವಲ್ಪ ನೋಡಬೇಕಾಗುತ್ತದೆ. ಹೇಂಟೆಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಆ ಬಿಸಿಯಲ್ಲೇ ಹೊರಬಿದ್ದ ತತ್ತಿ ಆರುತ್ತಿದ್ದಂತೆ ಒಳಗಿನ ದ್ರವ ಕುಗ್ಗಿ, ಚಿಪ್ಪಿನ ಒಳಗೆ ಅಂಟಿಕೊಂಡಿರುವ ಎರಡು ತೆಳುಪೊರೆಗಳು ಮೊಂಡು ತುದಿಯಲ್ಲಿ ಒಂದರಿಂದೊಂದು ಬಿಡಿಸಿಕೊಂಡು, ಅವುಗಳ ನಡುವೆ ಗಾಳಿಕೋಶ ಎನ್ನುವ ಸಣ್ಣ ಟೊಳ್ಳು ಉಂಟಾಗುತ್ತದೆ. ಮರಿ ತನ್ನ ಮೊದಲ ಉಸಿರನ್ನು ಎಳೆದುಕೊಳ್ಳುವುದು ಈ ಟೊಳ್ಳಿನಿಂದಲೇ. ಹಳದಿ ಲೋಳೆಯನ್ನು ಎರಡು ಬದಿಗಳಲ್ಲಿ ಹಿಡಿದು ನಡುವೆ ನಿಲ್ಲಿಸುವ ಬಿಳಿಯ ಹುರಿಗಳಿದ್ದು, ಹಳದಿಯ ಮೇಲ್ಭಾಗದಲ್ಲಿ ಜೀವಾಂಕುರ ಕೂತಿರುತ್ತದೆ. ತತ್ತಿ ಹೇಂಟೆಯ ಹೊಟ್ಟೆಯಲ್ಲಿ ರೂಪುಗೊಳ್ಳುವ ಸುಮಾರು ಒಂದು ದಿನದ ಅವಧಿಯಲ್ಲೇ ಈ ಅಂಕುರ ಒಡೆಯುತ್ತ ಸಾವಿರಾರು ಕೋಶಗಳಾಗಿ ಬೆಳೆದಿರುತ್ತದೆ. ಹೊರಗಿನ ತಂಪಿನಲ್ಲಿ ಅದರ ಬೆಳವಣಿಗೆ ನಿಂತು, ಮತ್ತೆ ಕಾವು ಸಿಗುವವರೆಗೆ ಜೀವ ಕಾದುಕೊಂಡಿರುತ್ತದೆ.

ರಸ್ತೆಯ ಕುಲುಕಾಟದಲ್ಲಿ ಮೊದಲು ನೋಯುವುದು ಗಾಳಿಕೋಶ. ಒಳಪೊರೆ ಇನ್ನಷ್ಟು ಸಡಿಲಗೊಂಡು, ಕೆಲವೊಮ್ಮೆ ಹರಿದು, ಗಾಳಿಗುಳ್ಳೆ ಮೊಂಡು ತುದಿಯಲ್ಲಿ ನಿಲ್ಲದೆ ತತ್ತಿಯೊಳಗೆ ಅಲೆದಾಡತೊಡಗುತ್ತದೆ. ಅಂತಹ ತತ್ತಿಯಲ್ಲಿ ಮರಿ ಬೆಳೆದರೂ ಕೊನೆಯ ಘಟ್ಟದಲ್ಲಿ ಉಸಿರಿನ ಜಾಗ ಸಿಗದೆ ಚಿಪ್ಪಿನೊಳಗೇ ಸಾಯುವ ಸಂಭವ ಹೆಚ್ಚು. ಎರಡನೆಯದು ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಬಿರುಕು, ಅದರಿಂದ ನೀರಿನಂಶ ಆರಿಹೋಗುವುದಲ್ಲದೆ ರೋಗಾಣುಗಳೂ ಒಳನುಗ್ಗುತ್ತವೆ. ಮೂರನೆಯದು ಬಿಸಿಲು. ಕಾವಿಗಿಡುವ ತತ್ತಿಗಳನ್ನು ಕೂಡಿಡಲು 13ರಿಂದ 18 ಡಿಗ್ರಿ ಉಷ್ಣತೆ ಯೋಗ್ಯವೆಂದೂ, ಸುಮಾರು 21 ಡಿಗ್ರಿ ದಾಟಿದರೆ ಅಂಕುರ ಅರೆಬರೆಯಾಗಿ ಬೆಳೆಯತೊಡಗುತ್ತದೆಂದೂ ಕೋಳಿವಿಜ್ಞಾನದ ಪಾಠಗಳು ಹೇಳುತ್ತವೆ. ಹೀಗೆ ಅಡ್ಡಾದಿಡ್ಡಿ ಬೆಳೆದು ನಿಂತ ಅಂಕುರ ದುರ್ಬಲವಾಗಿ, ಕಾವಿಗಿಟ್ಟ ಮೊದಲ ಮೂರು–ನಾಲ್ಕು ದಿನಗಳಲ್ಲೇ ಸಾಯುತ್ತದೆ. ಬ್ಯಾಡಗಿ–ರಾಣೆಬೆನ್ನೂರು ಸೀಮೆಯಲ್ಲಿ ಏಪ್ರಿಲ್ ತಿಂಗಳ ಹಗಲಿನ ಬಿಸಿ 37–38 ಡಿಗ್ರಿ ಮುಟ್ಟುವಾಗ, ಮುಚ್ಚಿದ ವಾಹನದ ಒಳಗಿನ ಬಿಸಿ ಅದಕ್ಕೂ ಮಿಗಿಲಾಗಿರುತ್ತದೆ ಎಂಬುದನ್ನು ನೆನೆದರೆ, ಬೇಸಿಗೆಯಲ್ಲಿ ತರಿಸಿದ ತತ್ತಿಗಳು ಏಕೆ ಕೈಕೊಡುತ್ತವೆ ಎಂಬುದು ಸ್ಪಷ್ಟವಾಗುತ್ತದೆ.

ಆದ್ದರಿಂದ ದೀಪಾವಳಿಯಿಂದ ಶಿವರಾತ್ರಿಯವರೆಗಿನ ತಂಪು ತಿಂಗಳುಗಳೇ ಈ ಸೀಮೆಗೆ ತತ್ತಿ ತರಿಸಲು ತಕ್ಕ ಕಾಲ. ಆ ಅವಧಿಯಲ್ಲಿ ಹುಟ್ಟಿದ ಹೆಣ್ಣುಮರಿಗಳು ಮುಂಗಾರು ಬರುವಷ್ಟರಲ್ಲಿ ಬೆಳೆದು ಗಟ್ಟಿಯಾಗಿರುತ್ತವೆ. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳನ್ನು ಮುಟ್ಟುವುದರಿಂದಲೂ, ರಾಷ್ಟ್ರೀಯ ಹೆದ್ದಾರಿ 48 ಹತ್ತಿರದಲ್ಲೇ ಹಾದುಹೋಗುವುದರಿಂದಲೂ ರಾತ್ರಿ ಹೊರಟ ತತ್ತಿ ಬಿಸಿಲೇರುವ ಮುನ್ನ ಊರು ಸೇರುವಂತೆ ನೋಡಿಕೊಳ್ಳುವುದು ಕಷ್ಟವಲ್ಲ. ಕಳಿಸುವವರು ಇಟ್ಟು ಏಳು ದಿನ ಮೀರದ, ಸಮನಾದ ಆಕಾರದ, ಕೊಳೆಯಿಲ್ಲದ ತತ್ತಿಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ, ಮೊಂಡು ತುದಿ ಮೇಲಾಗಿಸಿ, ಒಂದಕ್ಕೊಂದು ತಾಗದಂತೆ ಭತ್ತದ ಹೊಟ್ಟಿನ ನಡುವೆ ಕೂಡ್ರಿಸಬೇಕು. ತತ್ತಿಯನ್ನು ತೊಳೆಯಬಾರದು, ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳನ್ನು ಕಾಯುವ ಸಹಜ ಲೇಪ ತೊಳೆದಾಗ ಹೋಗಿಬಿಡುತ್ತದೆ.

ಪಾರ್ಸಲ್ ಕೈಸೇರಿದ ಕೂಡಲೇ ತತ್ತಿಗಳನ್ನು ಕಾವಿಗಿಡುವ ಅವಸರವೇ ಹೆಚ್ಚಿನ ನಷ್ಟಕ್ಕೆ ಕಾರಣವಾಗುತ್ತದೆ. ತತ್ತಿಗಳನ್ನು ಟ್ರೇಯಲ್ಲಿ ಮೊಂಡು ತುದಿ ಮೇಲಾಗಿ ನಿಲ್ಲಿಸಿ, ಮನೆಯ ತಂಪಾದ ಮೂಲೆಯಲ್ಲಿ ಹನ್ನೆರಡರಿಂದ ಇಪ್ಪತ್ನಾಲ್ಕು ತಾಸು ಅಲುಗಾಡಿಸದೆ ಬಿಟ್ಟರೆ ಸಡಿಲಗೊಂಡ ಗಾಳಿಕೋಶ ಬಹಳಷ್ಟು ಮಟ್ಟಿಗೆ ತನ್ನ ಜಾಗಕ್ಕೆ ಮರಳುತ್ತದೆ. ಅನಂತರ ಕತ್ತಲ ಕೋಣೆಯಲ್ಲಿ ಬ್ಯಾಟರಿಯ ಬೆಳಕನ್ನು ಮೊಂಡು ತುದಿಗೆ ಹಿಡಿದು ನೋಡಿದರೆ ಬಿರುಕುಗಳು ಬಿಳಿಗೆರೆಗಳಾಗಿಯೂ, ಗಾಳಿಕೋಶ ಬೆಳಕಿನ ಬಿಲ್ಲೆಯಾಗಿಯೂ ಕಾಣುತ್ತವೆ. ತತ್ತಿಯನ್ನು ಮೆಲ್ಲಗೆ ವಾಲಿಸಿದಾಗ ಗಾಳಿಕೋಶದ ಅಂಚು ಅಲುಗದೆ ನಿಂತರೆ ಅದನ್ನು ಹೇಂಟೆಯ ಕೆಳಗಿಡಬಹುದು. ಗುಳ್ಳೆ ಬದಿಗೆ ಜಾರಿದರೆ ಅಂತಹ ತತ್ತಿ ಯಂತ್ರದಲ್ಲಿ ನೆಟ್ಟಗೆ ನಿಂತೇ ಕಾವು ಪಡೆಯುವುದು ಮೇಲು, ಏಕೆಂದರೆ ಹೇಂಟೆ ಎಲ್ಲ ತತ್ತಿಗಳನ್ನೂ ಅಡ್ಡಲಾಗಿ ಮಲಗಿಸಿ ಕೊಕ್ಕಿನಿಂದ ಹೊರಳಿಸುತ್ತಲೇ ಇರುತ್ತದೆ. ಊರಲ್ಲೇ ಸಿಕ್ಕ ಒಳ್ಳೆಯ ಫಲಿತ ತತ್ತಿಗಳಲ್ಲಿ ನೂರಕ್ಕೆ ಎಪ್ಪತ್ತೈದು–ಎಂಬತ್ತು ಮರಿಯಾಗುವುದು ಸಾಮಾನ್ಯವಾದರೆ, ದೂರದಿಂದ ಬಂದವುಗಳಲ್ಲಿ ಅರ್ಧದಷ್ಟು ಒಡೆದರೂ ಸಮಾಧಾನಪಡಬೇಕಾಗುತ್ತದೆ ಎಂಬ ಲೆಕ್ಕ ಮೊದಲೇ ಮನಸ್ಸಿನಲ್ಲಿರಬೇಕು.

ಇನ್‌ಕ್ಯುಬೇಟರ್ ಎಂಬ ಕಾವಿನ ಯಂತ್ರ ಹೇಂಟೆಯ ಕೆಲಸವನ್ನು ನಾಲ್ಕು ಅಂಶಗಳಾಗಿ ಬಿಡಿಸಿಕೊಂಡು ಮಾಡುತ್ತದೆ: ಉಷ್ಣತೆ, ತೇವ, ಗಾಳಿ ಮತ್ತು ಹೊರಳಿಸುವಿಕೆ. ಫ್ಯಾನ್ ಇರುವ ಯಂತ್ರದಲ್ಲಿ ಉಷ್ಣತೆ 37.5 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು. ಮೊದಲ ಹದಿನೆಂಟು ದಿನ ಗಾಳಿಯ ತೇವಾಂಶ ಶೇ. 50–55, ಕೊನೆಯ ಮೂರು ದಿನ ಶೇ. 65–70 ಇರಬೇಕು. ಅಂಕುರ ಚಿಪ್ಪಿನ ಪೊರೆಗೆ ಅಂಟಿಕೊಳ್ಳದಂತೆ ಹದಿನೆಂಟನೆಯ ದಿನದವರೆಗೆ ತತ್ತಿಯನ್ನು ದಿನಕ್ಕೆ ಮೂರರಿಂದ ಐದು ಬಾರಿ ಹೊರಳಿಸಬೇಕು. ಪ್ರಯಾಣದಿಂದ ಗಾಳಿಕೋಶ ಸಡಿಲಗೊಂಡ ತತ್ತಿಗಳನ್ನು ಮಾತ್ರ ಮೊದಲ ಎರಡು–ಮೂರು ದಿನ ಅಲುಗಿಸದಿರುವುದನ್ನು ಬಲ್ಲವರು ರೂಢಿಸಿಕೊಂಡಿದ್ದಾರೆ. ವಿದ್ಯುತ್ ಹೋದಾಗ ಗಾಬರಿಪಡುವ ಅಗತ್ಯವಿಲ್ಲ, ಯಂತ್ರದ ಬಾಗಿಲು ತೆರೆಯದೆ ಮೇಲೊಂದು ಕಂಬಳಿ ಹೊದಿಸಿದರೆ ಒಂದೆರಡು ತಾಸಿನ ತಂಪನ್ನು ಅಂಕುರ ತಾಳಿಕೊಳ್ಳುತ್ತದೆ. ಆದರೆ 40 ಡಿಗ್ರಿ ಮೀರಿದ ಬಿಸಿಯನ್ನು ಅಷ್ಟೇ ಹೊತ್ತು ತಾಳಲಾರದು.

ಇಷ್ಟೆಲ್ಲ ಅಳತೆಗಳನ್ನು ಜವಾರಿ ಹೇಂಟೆ ಥರ್ಮಾಮೀಟರ್ ಇಲ್ಲದೆ ನಡೆಸುತ್ತದೆ. ಕಾವಿಗೆ ಬಂದ ಹೇಂಟೆ ಗೂಡು ಬಿಟ್ಟೇಳದೆ, ಕೈ ಚಾಚಿದರೆ ಗರಿ ಕೆದರಿ ಗುರುಗುಟ್ಟುತ್ತದೆ. ಅದರ ಎದೆಯ ಗರಿಗಳು ಉದುರಿ, ರಕ್ತನಾಳಗಳು ತುಂಬಿಕೊಂಡ ಬರಿಯ ಚರ್ಮ ನೇರವಾಗಿ ತತ್ತಿಗೆ ತಾಗುತ್ತದೆ. ಅಂಚಿನ ತತ್ತಿಗಳನ್ನು ನಡುವಿಗೂ ನಡುವಿನವನ್ನು ಅಂಚಿಗೂ ಸರಿಸುತ್ತ ಎಲ್ಲಕ್ಕೂ ಸಮನಾದ ಬಿಸಿ ಮುಟ್ಟಿಸುವುದಲ್ಲದೆ, ದಿನಕ್ಕೊಮ್ಮೆ ಹದಿನೈದು–ಇಪ್ಪತ್ತು ನಿಮಿಷ ಎದ್ದು ಕಾಳು ತಿಂದು, ನೀರು ಕುಡಿದು, ಧೂಳಿನಲ್ಲಿ ಹೊರಳಾಡಿ ಮರಳುತ್ತದೆ. ಹೊಸ ತತ್ತಿಗಳನ್ನು ಇಡುವ ಮುನ್ನ ಎರಡು–ಮೂರು ದಿನ ಹಳೆಯ ತತ್ತಿಗಳ ಮೇಲೆ ಅದು ಗಟ್ಟಿಯಾಗಿ ಕೂತದ್ದನ್ನು ಖಚಿತಪಡಿಸಿಕೊಂಡು, ಬುಟ್ಟಿಯ ತಳಕ್ಕೆ ಒಲೆಯ ಬೂದಿ, ಮೇಲೆ ಹುಲ್ಲು ಹಾಸಿ, ರಾತ್ರಿ ಹೊತ್ತು ಎಲ್ಲ ತತ್ತಿಗಳನ್ನೂ ಒಮ್ಮೆಗೇ ಇಡಬೇಕು. ಬೂದಿಯಿಂದ ಹೇನು ಉಣ್ಣೆಗಳ ಕಾಟ ತಗ್ಗುತ್ತದೆ. ಜವಾರಿ ತತ್ತಿಯಾದರೆ ಹತ್ತು–ಹನ್ನೆರಡು, ಗಿರಿರಾಜದಂತಹ ದಪ್ಪ ತತ್ತಿಯಾದರೆ ಎಂಟು–ಒಂಬತ್ತು, ಒಂದು ಹೇಂಟೆಯ ರೆಕ್ಕೆಯಡಿ ಹಿಡಿಯುವ ಮಿತಿ.

ತತ್ತಿಯೊಳಗಿನ ಬೆಳವಣಿಗೆಯನ್ನು ದಿನಕ್ಕೊಂದರಂತೆ ಒಡೆದು ನೋಡಿ ಬರೆದಿಡುವ ಅಧ್ಯಯನ ಅರಿಸ್ಟಾಟಲನಷ್ಟು ಹಳೆಯದು. ಎರಡನೆಯ ದಿನದಲ್ಲೇ ಹೃದಯ ಮಿಡಿಯತೊಡಗುತ್ತದೆ. ಏಳನೆಯ ದಿನ ಬೆಳಕಿಗೆ ಹಿಡಿದರೆ ಕಪ್ಪು ಚುಕ್ಕೆಯೊಂದರಿಂದ ಕೆಂಪು ನಾಳಗಳು ಸುತ್ತಲೂ ಕವಲೊಡೆದದ್ದು ಕಾಣುತ್ತದೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಬಂಜೆ ತತ್ತಿ. ನಾಳಗಳಿಲ್ಲದೆ ಕೆಂಪು ಉಂಗುರ ಮಾತ್ರ ಇದ್ದರೆ ಅಂಕುರ ಸತ್ತಿದೆ ಎಂದರ್ಥ, ಅಂತಹವನ್ನು ತೆಗೆದುಬಿಡಬೇಕು. ಹದಿನೆಂಟನೆಯ ದಿನದ ಹೊತ್ತಿಗೆ ಗಾಳಿಕೋಶವನ್ನುಳಿದು ಇಡೀ ತತ್ತಿಯನ್ನು ಮರಿ ತುಂಬಿಕೊಂಡಿರುತ್ತದೆ. ಆಮೇಲೆ ಅದು ಒಳಪೊರೆಯನ್ನು ಚುಚ್ಚಿ ಗಾಳಿಕೋಶದ ಗಾಳಿಯನ್ನು ಉಸಿರಾಡಿ, ಕೊಕ್ಕಿನ ಮೇಲಿನ ಗಟ್ಟಿ ಮೊನೆಯಿಂದ ಚಿಪ್ಪನ್ನು ಒಡೆಯುತ್ತದೆ. ಮೊದಲ ಬಿರುಕಿನಿಂದ ಪೂರ್ತಿ ಹೊರಬರುವವರೆಗೆ ಅರ್ಧ ದಿನಕ್ಕೂ ಮಿಕ್ಕು ಸಮಯ ಹಿಡಿಯುವುದುಂಟು. ಆ ಹೊತ್ತಿನಲ್ಲಿ ಉಳಿದ ಹಳದಿ ಹೊಟ್ಟೆಯೊಳಗೆ ಸೇರುತ್ತ, ಪೊರೆಯ ನಾಳಗಳ ರಕ್ತ ಮರಿಯ ಮೈಗೆ ಮರಳುತ್ತ ಇರುವುದರಿಂದ ಚಿಪ್ಪು ಸುಲಿದು ನೆರವಾಗಲು ಹೋದರೆ ರಕ್ತ ಸೋರಿ ಮರಿ ಸಾಯಬಹುದು. ಹೊಟ್ಟೆಯೊಳಗೆ ಸೇರಿದ ಈ ಹಳದಿಯ ಬಲದಿಂದಲೇ ಮರಿ ಎರಡು ದಿನ ಆಹಾರವಿಲ್ಲದೆ ಬದುಕಬಲ್ಲದು. ಒಂದು ದಿನದ ಮರಿಗಳನ್ನು ಹ್ಯಾಚರಿಗಳು ದೂರದ ಊರುಗಳಿಗೆ ಕಳಿಸಲು ಸಾಧ್ಯವಾಗಿರುವುದೂ ಇದರಿಂದಲೇ.

ತಾಯಿಯೊಂದಿಗೆ ಹುಟ್ಟಿದ ಮರಿಗೆ ಬೇರೆ ಬಿಸಿ ಬೇಕಿಲ್ಲ. ಯಂತ್ರದ ಮರಿಗಳಿಗೆ ಮಾತ್ರ ಮೊದಲ ವಾರ 35 ಡಿಗ್ರಿಯಷ್ಟು ಬಿಸಿಯನ್ನು ಬಲ್ಬಿನಿಂದ ಒದಗಿಸಿ, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮರಿಗಳು ಬಲ್ಬಿನಡಿ ಒಂದರ ಮೇಲೊಂದು ಮುದುಡಿದರೆ ಚಳಿ ಎಂದೂ, ಬಾಯ್ದೆರೆದು ಅಂಚಿಗೆ ಸರಿದರೆ ಸೆಕೆ ಎಂದೂ ತಿಳಿಯಬೇಕು. ಮೊದಲ ದಿನ ಬೆಲ್ಲದ ನೀರು, ಬಳಿಕ ಗೋವಿನಜೋಳದ ಸಣ್ಣ ನುಚ್ಚು ಕೊಡುವ ರೂಢಿ ಒಳ್ಳೆಯದು, ಆದರೆ ನುಚ್ಚೊಂದರಿಂದಲೇ ಮರಿಗೆ ಬೇಕಾದ ಪ್ರೋಟೀನ್ ಸಿಗದಿರುವುದರಿಂದ ಮೊದಲ ಆರೇಳು ವಾರ ಮರಿಗಳ ಸಿದ್ಧ ಆಹಾರವನ್ನೋ, ಶೇಂಗಾ ಹಿಂಡಿ ಬೆರೆಸಿದ ನುಚ್ಚನ್ನೋ ಕೊಡಬೇಕಾಗುತ್ತದೆ.

ಗೋವಿನಜೋಳ ಹೇರಳವಾಗಿ ಬೆಳೆಯುವ ಹಾವೇರಿ ಜಿಲ್ಲೆಯಲ್ಲಿ ಕೋಳಿಯ ಕಾಳಿಗೆ ಕೊರತೆಯಿಲ್ಲ, ಆದರೆ ಒಂದು ಅಪಾಯವಿದೆ. ಹಸಿ ಆರದೆ ಚೀಲ ತುಂಬಿದ ಜೋಳಕ್ಕೆ ಬೂಷ್ಟು ಹಿಡಿದು, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿ ಕೋಳಿಯ ಯಕೃತ್ತನ್ನು ಕೆಡಿಸುತ್ತದೆ. ಮಾರಲು ಬಾರದ ಬೂಷ್ಟಿನ ಕಾಳನ್ನು ಕೋಳಿಗೆ ಹಾಕುವ ರೂಢಿಯನ್ನು ಕೈಬಿಡಲೇಬೇಕು. ಬ್ಯಾಡಗಿ ಮೆಣಸಿನಕಾಯಿಯ ಕಣಗಳಲ್ಲಿ ಉದುರಿದ ಬೀಜ, ಸಿಪ್ಪೆಗಳನ್ನು ಕೋಳಿಗಳು ಅಂಜದೆ ಕೆದಕಿ ತಿನ್ನುವುದಕ್ಕೂ ಕಾರಣವಿದೆ. ಖಾರದ ಉರಿಯನ್ನು ಹುಟ್ಟಿಸುವ ಕ್ಯಾಪ್ಸೈಸಿನ್ ಅನ್ನು ಗುರುತಿಸುವ ನರದ ಗ್ರಾಹಕ ಸಸ್ತನಿಗಳಲ್ಲಿರುವಂತೆ ಹಕ್ಕಿಗಳಲ್ಲಿ ಸ್ಪಂದಿಸುವುದಿಲ್ಲ. ಮೆಣಸಿನಕಾಯಿಗೆ ಕಡುಗೆಂಪು ಕೊಡುವ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯವೋ ತತ್ತಿಯ ಹಳದಿಯಲ್ಲಿ ಸೇರಿ ಅದನ್ನು ಕೇಸರಿ ಬಣ್ಣಕ್ಕೆ ತಿರುಗಿಸುತ್ತದೆ. ಇಂತಹ ವರ್ಣದ್ರವ್ಯಗಳನ್ನು ಕೋಳಿ ತಾನೇ ತಯಾರಿಸಲಾರದು, ತಿಂದದ್ದರಿಂದಲೇ ಪಡೆಯಬೇಕು. ಆದ್ದರಿಂದ ಜವಾರಿ ತತ್ತಿಯ ಹಳದಿಯ ಗಾಢ ಬಣ್ಣ ಹಿತ್ತಲಿನ ಸೊಪ್ಪು, ಹುಳು, ಕಾಳುಗಳ ಫಲವೆಂದು ತಿಳಿಯಬೇಕು. ಔಷಧಿ ಸಿಂಪಡಿಸಿದ ಬೆಳೆಯ ಉಳಿಕೆಯಿಂದ ಮಾತ್ರ ಕೋಳಿಯನ್ನು ದೂರವಿಡಬೇಕು.

ಹೊರಗಿನ ತತ್ತಿಯೊಂದಿಗೆ ರೋಗವೂ ಬರಬಹುದು ಎಂಬ ಎಚ್ಚರ ಅಗತ್ಯ. ದೊಡ್ಡ ಕೋಳಿಗಳನ್ನು ತರುವುದಕ್ಕಿಂತ ತತ್ತಿ ತರುವುದು ಎಷ್ಟೋ ಸುರಕ್ಷಿತವಾದರೂ, ಮರಿಗಳಿಗೆ ಬಿಳಿ ಭೇದಿ ತರುವ ಪುಲ್ಲೋರಂ, ಉಸಿರಾಟದ ತೊಂದರೆ ತರುವ ಮೈಕೊಪ್ಲಾಸ್ಮಾ ಮೊದಲಾದ ರೋಗಾಣುಗಳು ತಾಯಿಯಿಂದ ತತ್ತಿಯ ಮೂಲಕವೇ ದಾಟುತ್ತವೆ, ಆದ್ದರಿಂದ ತಪಾಸಣೆಗೊಳಗಾದ ಹಿಂಡಿನ ತತ್ತಿಗಳನ್ನೇ ತರಿಸಬೇಕು. ಹಳ್ಳಿಯ ಕೋಳಿಗಳನ್ನು ಒಂದೇ ವಾರದಲ್ಲಿ ಬರಿದು ಮಾಡುವುದು ಕೊಕ್ಕರೆ ರೋಗ; ಭಾರತದಲ್ಲಿ ಇದಕ್ಕೆ ರಾಣಿಖೇತ್ ರೋಗವೆಂಬ ಹೆಸರೂ ಇದೆ. ಐದರಿಂದ ಏಳನೆಯ ದಿನದೊಳಗೆ ಲಸೋಟ ಲಸಿಕೆಯ ಒಂದು ಹನಿಯನ್ನು ಕಣ್ಣಿಗೋ ಮೂಗಿಗೋ ಹಾಕಿ, ನಾಲ್ಕನೆಯ ವಾರ ಮತ್ತೊಮ್ಮೆ ಕೊಟ್ಟು, ಎಂಟನೆಯ ವಾರದ ಸುಮಾರಿಗೆ ಆರ್‌2ಬಿ ಚುಚ್ಚುಮದ್ದು ಹಾಕಿಸಿದರೆ ಈ ರೋಗವನ್ನು ತಡೆಯಬಹುದು. ಆದರೆ ಲಸಿಕೆಯ ಒಂದು ಸೀಸೆ ನೂರಾರು ಕೋಳಿಗಳಿಗಾಗುವಷ್ಟಿದ್ದು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕಾಗುವುದರಿಂದ ಹತ್ತು ಮರಿಗಳ ಒಂದು ಮನೆ ಅದನ್ನು ತರಿಸುವುದು ನಡೆಯದ ಮಾತು. ಓಣಿಯ ಮನೆಗಳೆಲ್ಲ ಒಂದೇ ವಾರದಲ್ಲಿ ಕಾವಿಗಿಟ್ಟು, ಒಂದೇ ದಿನ ಲಸಿಕೆ ಹಾಕಿಸಿಕೊಂಡರೆ ಮಾತ್ರ ಇದು ಕೈಗೂಡುತ್ತದೆ. ಇಂತಹ ವಿಷಯಗಳಲ್ಲಿ ಸ್ಥಳೀಯ ಪಶು ಆಸ್ಪತ್ರೆಯಿಂದಲೂ, ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಿಂದಲೂ ಸಲಹೆ ಪಡೆಯಲು ಅವಕಾಶವಿದೆ.

ಬೆಳೆದ ಹಿಂಡನ್ನು ನಡೆಸುವ ನಿಯಮಗಳು ಸರಳ: ಎಂಟು–ಹತ್ತು ಹೇಂಟೆಗಳಿಗೆ ಒಂದು ಹುಂಜ, ರಾತ್ರಿ ಮುಂಗುಸಿ, ಕಾಡುಬೆಕ್ಕು, ಹಾವುಗಳು ನುಗ್ಗಲಾರದಂತೆ ನೆಲದಿಂದ ಎತ್ತರಿಸಿದ ಗೂಡು, ಚಿಪ್ಪು ಗಟ್ಟಿಯಾಗಲು ಸುಣ್ಣಕಲ್ಲಿನ ಪುಡಿ. ತಳಿ ಕಾಯ್ದುಕೊಳ್ಳಬೇಕೆನ್ನುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಹುಂಜದ ವೀರ್ಯ ಹೇಂಟೆಯ ಒಡಲಿನ ಸೂಕ್ಷ್ಮ ಕೊಳವೆಗಳಲ್ಲಿ ಎರಡು–ಮೂರು ವಾರ ಉಳಿದು ಫಲ ಕೊಡುತ್ತಿರುತ್ತದೆ. ಹುಂಜವನ್ನು ಬದಲಿಸಿ ಮೂರು ವಾರ ಕಳೆಯುವವರೆಗೆ ಇಟ್ಟ ತತ್ತಿಗಳು ಯಾವ ತಳಿಯವೆಂದು ಹೇಳಲಾಗದು. ಗಿರಿರಾಜದಂತಹ ಸುಧಾರಿತ ಕೋಳಿಗಳು ಹಲವು ತಳಿಗಳ ಬೆರಕೆಯಿಂದ ಬಂದವಾದ್ದರಿಂದ ಅವುಗಳ ಮರಿಮಕ್ಕಳಲ್ಲಿ ಅದೇ ಇಳುವರಿ ನಿಲ್ಲುವುದಿಲ್ಲ. ಹೊಸ ತತ್ತಿಗಳನ್ನು ಹೊರಗಿನಿಂದ ಮತ್ತೆ ಮತ್ತೆ ತರಿಸಬೇಕಾಗುತ್ತದೆ.

ಹಾಗೆ ಮತ್ತೆ ಮತ್ತೆ ತರಿಸುವುದಾದರೆ ಊರಿನಲ್ಲಿ ಕಾವು ಉಳಿದಿರಲೇಬೇಕು. ಐದಾರು ಮನೆಗಳಿಗೆ ಒಂದರಂತೆಯಾದರೂ ಜವಾರಿ ಹೇಂಟೆಗಳ ಗುಂಪನ್ನು ಜವಾರಿ ಹುಂಜದೊಂದಿಗೇ ಬೇರೆಯಾಗಿ ಸಾಕಿ, ಚೆನ್ನಾಗಿ ಕಾವಿಗೆ ಕೂತು ಮರಿಗಳನ್ನು ಕಾದು ಬೆಳೆಸಿದ ಹೇಂಟೆಯ ಸಂತಾನವನ್ನೇ ಮುಂದಿನ ಪೀಳಿಗೆಗೆ ಆರಿಸಿಕೊಳ್ಳಬೇಕು. ತತ್ತಿ ತರಿಸಿದವರು ಒಬ್ಬರು, ಹೇಂಟೆ ಇರುವವರು ಇನ್ನೊಬ್ಬರು ಎಂದಾದಾಗ ಹುಟ್ಟಿದ ಮರಿಗಳನ್ನು ಸಮಪಾಲು ಮಾಡಿಕೊಳ್ಳುವ ಹಳೆಯ ಪಾಲಿನ ಪದ್ಧತಿ ಇಲ್ಲಿ ಚೆನ್ನಾಗಿ ಒದಗುತ್ತದೆ, ಮತ್ತು ಕೋಳಿಯ ಆದಾಯ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಕೈಯಲ್ಲೇ ಉಳಿಯುವುದರಿಂದ ಸ್ವಸಹಾಯ ಸಂಘಗಳು ಈ ಹಂಚಿಕೆಯನ್ನು ವಹಿಸಿಕೊಳ್ಳುವುದು ಯೋಗ್ಯ. ವರ್ಷಕ್ಕೆ ಅರವತ್ತು ತತ್ತಿ ಇಡುತ್ತದೆಂಬ ಒಂದೇ ಲೆಕ್ಕದಿಂದ ಜವಾರಿ ಹೇಂಟೆಯನ್ನು ಅಳೆಯುವುದು ತಪ್ಪು. ಅದು ಮರಿ ಮಾಡಿಕೊಟ್ಟ ದೂರದ ತತ್ತಿಗಳನ್ನೂ ಅದರ ಇಳುವರಿಗೆ ಸೇರಿಸಿ ಎಣಿಸಿದಾಗಲೇ ಹಿತ್ತಲಿನ ಲೆಕ್ಕ ಸರಿಹೋಗುತ್ತದೆ.